ರಸ್ತೆಗೆ ಕಿವಿ

ನೀರಿನ ಕಚೇರಿಯ ಗುಮಾಸ್ತ ಹೇಳಿದ್ದು ಡ್ರೈವರ್‌ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಮನೆಯಲ್ಲಿ ನಲ್ಲಿಯೇ ಇಲ್ಲವಂತೆ.

"ಬೆಳಿಗ್ಗೆ ಅದೇ ನಲ್ಲೀಲಿ ಮುಖ ತೊಳ್ಕೊಂಡು ಬಂದೆನಲ್ಲಪ್ಪ."

"ತೊಳ್ಕೊಂಡಿರಬಹುದು ಯಜಮಾನ್ರೇ. ಆದ್ರೆ ಸಂಪರ್ಕ ಇರೋದು ನಿಮ್ಮ ಹೆಂಡತಿ ಹೆಸರಲ್ಲಿ. ಅವರು ತೀರಿಕೊಂಡ ಮೇಲೆ ನಿಮ್ಮ ಹೆಸರಿಗೆ ಮಾಡ್ಬೇಕಾದ್ರೆ ರಸ್ತೇಲಿರೋ ವಾಲ್ವ್ ಎಲ್ಲಿದೆ ಅಂತ ನಮಗೆ ಗೊತ್ತಾಗ್ಬೇಕು. ಡಾಂಬರು ಹಾಕಿದಾಗ ಅದು ಎಲ್ಲೋ ಮುಚ್ಚಿಹೋಗಿದೆ. ಸಿಗದಿದ್ರೆ ಹಳೇ ಸಂಪರ್ಕ ಇಲ್ಲ ಅಂತ್ಲೇ ಬರೆದು, ಹೊಸ ಅರ್ಜಿ ತಗೋತೀವಿ."

ಫೋನಿನವರು, ಗ್ಯಾಸಿನವರು, ಕರೆಂಟಿನವರು ಎಂದು ಅಲೆದು ಡ್ರೈವರ್‌ನ ಚಪ್ಪಲಿ ಆಗಲೇ ಸವೆದಿತ್ತು. ಫೋನ್ ಕಂಪನಿಯ ಹುಡುಗಿಯಂತೂ, ಹೆಸರು ತೆಗೆಯಬೇಕಾದರೆ ನಿಮ್ಮ ಹೆಂಡತಿಯೇ ಲೈನಿಗೆ ಬರಲಿ ಎಂದಿದ್ದಳು. ಅಲ್ಲೆಲ್ಲ ಹೆಂಡತಿಯ ಹೆಸರು ಹೊಡೆದುಹಾಕುವಾಗ ಅವನು ತೋರಿಸಿದಲ್ಲಿ ಸಹಿ ಹಾಕಿ ಬಂದಿದ್ದ. ಆದರೆ ಈ ನೀರು ಅವಳು ತಂದದ್ದು. ಬೀದಿ ಕೊಳಾಯಿಯಿಂದ ಕೊಡ ಹೊತ್ತು ಸಾಕಾಗಿ, ಗಂಡ ಬಸ್ಸು ಓಡಿಸಲು ಹೋದಾಗ ಒಬ್ಬಳೇ ಈ ಕಚೇರಿಯ ಬಾಗಿಲು ಕಾದು, ಬೀದಿಗೆಲ್ಲ ಮೊದಲು ಮನೆಯೊಳಗೆ ನಲ್ಲಿ ಹಾಕಿಸಿಕೊಂಡವಳು ಅವಳು. ಅದು ಇರಲೇ ಇಲ್ಲ ಎಂದು ಬರೆಯಲು ಅವನು ಬಿಡುವವನಲ್ಲ. ಹುಡುಕಿಸಿ ಎಂದು ಪಟ್ಟು ಹಿಡಿದು ಕೂತ.

ಮಾರನೆಯ ದಿನ ಕಚೇರಿಯಿಂದ ಸೋರಿಕೆ ಪತ್ತೆ ಮಾಡುವ ಹೆಂಗಸು ಬಂದಳು. ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಸಲಾಕೆ. ಒಂದು ತುದಿಯನ್ನು ರಸ್ತೆಗೆ ಊರಿ ಇನ್ನೊಂದಕ್ಕೆ ಕಿವಿ ಹಚ್ಚಿದಳು. ಡ್ರೈವರ್ ಒಳಗೆ ನಲ್ಲಿ ಬಿಡಬೇಕು, ಅವಳು ಸದ್ದಿನ ಜಾಡು ಹಿಡಿದು ವಾಲ್ವಿನ ಜಾಗ ಹುಡುಕಬೇಕು. ಡ್ರೈವರ್‌ನದೋ ಬ್ರೇಕು ತುಳಿದ ಕಾಲಿನ ಬುದ್ಧಿ. ಬಿಟ್ಟರೆ ಪೂರ್ತಿ ಬಿಡುತ್ತಿದ್ದ, ಇಲ್ಲವೇ ಪೂರ್ತಿ ನಿಲ್ಲಿಸುತ್ತಿದ್ದ.

"ಅಣ್ಣ, ನೀವಿಲ್ಲಿ ಕೇಳಿ, ನಾನೇ ಒಳಗೆ ಹೋಗಿ ಸಣ್ಣಗೆ ಬಿಡ್ತೀನಿ," ಎಂದು ಅವಳು ಸಲಾಕೆಯನ್ನೂ ಸೀಮೆಸುಣ್ಣವನ್ನೂ ಅವನ ಕೈಗಿತ್ತಳು. "ಸದ್ದು ಬೇರೆಯಾದ ಕಡೆ ಗುರುತು ಹಾಕಿ."

ಕಿವಿ ಹಚ್ಚಿದವನ ಮೈ ಜುಮ್ಮೆಂದಿತು. ಕೆಳಗೆ ಹೊಳೆಯೇ ಹರಿಯುತ್ತಿತ್ತು. ಇದೇ ರಸ್ತೆಯ ಮೇಲೆ ಒಂದು ಆಯಸ್ಸಿನಷ್ಟು ಬಸ್ಸು ಓಡಿಸಿದ್ದ, ಅಡಿಯಲ್ಲಿ ಇಂಥದ್ದೊಂದು ನಡೆಯುತ್ತಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಯಾರೋ ನೀರು ಬಿಟ್ಟರು, ಯಾರೋ ಥಟ್ಟನೆ ನಿಲ್ಲಿಸಿದರು. ಒಂದೇ ನೀರು ಮನೆಮನೆಗೂ ಹೋಗುತ್ತಿತ್ತು, ಮುಖ ಕಂಡರೆ ಆಗದವರ ಮನೆಗೂ ಹೋಗುತ್ತಿತ್ತು. ಅವನಿಗೆ ಭಯವೂ ಆಯಿತು, ಕೈಮುಗಿಯಬೇಕು ಎಂದೂ ಅನಿಸಿತು. ಹೋಗಿಬರುವವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರೂ ಅವನಿಗೆ ಪರಿವೆಯಿಲ್ಲ.

ಸಲಾಕೆ ಎತ್ತಿ ಊರುತ್ತ ತನ್ನ ಗೇಟಿನ ಎದುರು ಬಂದಾಗ ಸದ್ದು ಬೇರೆಯಾಯಿತು. ಸಣ್ಣಗೆ, ತೀರಾ ಹತ್ತಿರದಲ್ಲಿ, ಸುಯ್ಯೆಂದು. ಗುರುತು ಹಾಕಿದ. ಹಾಕಿದ ಮೇಲೂ ಕಿವಿ ತೆಗೆಯಲಾಗಲಿಲ್ಲ. ಹೆಂಡತಿ ಹೋದಂದಿನಿಂದ ಆ ಮನೆಯಲ್ಲಿ ಅವನು ತಾನೇ ಬಿಡದೆ ಒಂದು ಹನಿ ನೀರು ಬಿದ್ದಿರಲಿಲ್ಲ. ಈಗ ಅವನು ಬೀದಿಯಲ್ಲಿದ್ದ, ಒಳಗೆ ನಲ್ಲಿ ಹರಿಯುತ್ತಿತ್ತು. ಮನೆಯಲ್ಲಿ ಜನ ಇದ್ದರು.

ಹೆಂಗಸು ಕಿಟಕಿಯಿಂದ ಕೂಗಿ ಕೇಳಿದಳು, "ಸಿಕ್ತಾ ಅಣ್ಣ? ನಿಲ್ಲಿಸ್ಲಾ?"

ಗುರುತು ಅವನ ಕಾಲ ಬುಡದಲ್ಲೇ ಇತ್ತು.

"ಇನ್ನೂ ಇಲ್ಲಮ್ಮ," ಎಂದ ಡ್ರೈವರ್. "ಸ್ವಲ್ಪ ಹೊತ್ತು ಬಿಟ್ಟಿರು."