ಇರಮಳ ‘ಹೂಂ’

ಮಾಸ್ತರು ಬದಲಾದದ್ದು ಇರಮಳಿಗೆ ಒಂಚೂರೂ ಹಿಡಿಸಲಿಲ್ಲ.

ಜೇವರ್ಗಿಯ ಗೋಣಿಚೀಲದ ವ್ಯಾಪಾರಿ ಅಬ್ದುಲ್ ಗನಿಯ ಮಗಳು ವಿಮಾನ ನಡೆಸಲು ಕಲಿಯುತ್ತಾಳೆಂದರೆ ಅಂಗಡಿಗೆ ಬಂದವರು ಈಗಲೂ ಒಮ್ಮೆ ಹೊರಗೆ ಹೋಗಿ ಆಕಾಶ ನೋಡುತ್ತಾರೆ. ಕಲಬುರಗಿಯ ಶಾಲೆಯಲ್ಲಿ ಅವಳಿಗೆ ಮೊದಲು ಕಲಿಸಿದವರು ಅಫಜಲಪುರದ ಸಿದ್ದರಾಮೇಶ ಸರ್. ಬೈಯುವುದನ್ನೂ ಬೆಲ್ಲ ಹಚ್ಚಿ ಬೈಯುವ ಮನುಷ್ಯ. "ಹಗೂರ ತಂಗಿ, ಹಗೂರ. ಅದೇನು ಎತ್ತಲ್ಲ, ಮೂಗುದಾಣ ಜಗ್ಗಬ್ಯಾಡ," ಎನ್ನುತ್ತಿದ್ದರು. ಇನ್ನು ಒಬ್ಬಳೇ ಹಾರುವುದೊಂದು ಬಾಕಿ ಎನ್ನುವಾಗ ಅವರಿಗೆ ಬೇರೆ ಊರಿನ ಶಾಲೆಯಲ್ಲಿ ಕೆಲಸವಾಯಿತು. "ಇಲ್ಲಿ ಸರಿಬರಲಿಲ್ಲಂದ್ರ ನಮ್ಮ ಶಾಲಿಗೆ ಬಾ," ಎಂದು ಹೇಳಿ ಹೋದರು. ಆ ಮಾತನ್ನು ಇರಮ ಓಢಣಿಯ ತುದಿಗೆ ಗಂಟು ಹಾಕಿಕೊಂಡಳೆಂದೇ ಹೇಳಬೇಕು.

ಅವರ ಜಾಗಕ್ಕೆ ಬಂದವರು ಮೈಸೂರು ಕಡೆಯ ಅಜಯಕುಮಾರ ಸರ್. ಬೈಯುವವರಲ್ಲ, ನಗುವವರೂ ಅಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂಥ ಮಾತು.

ಕಲಿಯುವ ವಿಮಾನದಲ್ಲಿ ಇಬ್ಬರ ಮುಂದೆಯೂ ಒಂದೊಂದು ಹಿಡಿಕೆ ಇರುತ್ತದೆ. ಒಬ್ಬರು ಬಿಡುವ ಮೊದಲು ಇನ್ನೊಬ್ಬರು ‘ನಾನು ಹಿಡಿದೆ’ ಎಂದು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು. ಆ ದಿನ ಭೀಮಾ ನದಿಯ ಮೇಲೆ ಅಜಯಕುಮಾರ ಸರ್ ವಿಮಾನ ತಿರುಗಿಸುವ ರೀತಿಯನ್ನು ವಿವರಿಸುತ್ತಿದ್ದರು. ಇರಮ ಒಂದೊಂದು ಮಾತಿಗೂ ಹೂಂ, ಹೂಂ ಎನ್ನುತ್ತಿದ್ದಳು.

"ಈಗ ನೀವು ತಗೊಳ್ಳಿ," ಎಂದರು.

"ಹೂಂ," ಎಂದಳು.

ಅವರು ಕೈ ಬಿಟ್ಟರು. ಇವಳು ಹಿಡಿದಿರಲಿಲ್ಲ, ಮುಂದಿನ ಮಾತಿಗೆ ಕಾಯುತ್ತಿದ್ದಳು. ದಿಕ್ಕಿಲ್ಲದ ವಿಮಾನ ಮಗ್ಗುಲಿಗೆ ವಾಲಿ ಮೂಗು ತಗ್ಗಿಸಿತು. ಸರ್ ಸರಕ್ಕನೆ ಎಳೆದು ನೆಟ್ಟಗೆ ಮಾಡಿದರು. ಕೆಳಗಿಳಿದ ಮೇಲೆ, "ಹಿಡಿಯದೆ ಹೂಂ ಅಂತೀರಲ್ಲ, ನಿಮ್ಮನ್ನ ಒಬ್ಬರನ್ನೇ ಹೇಗೆ ಕಳಿಸಲಿ?" ಎಂದರು. ಅಷ್ಟೇ. ಬೈದಿದ್ದರೂ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದಾಗ ಅವಳ ದಾದಿ, ಅಂದರೆ ಅಪ್ಪನ ತಾಯಿ, ಅಖ್ತರಬೇಗಂ ರೊಟ್ಟಿ ಬಡಿಯುತ್ತಿದ್ದಳು.

"ದಾದಿ, ನಾ ಈ ಶಾಲಿ ಬಿಡ್ತೇನಿ. ಸಿದ್ದರಾಮೇಶ ಸರ್ ಕಡಿಗೇ ಹೋಗ್ತೇನಿ. ಈ ಸರ್‌ಗ ನನ್ನ ಹೂಂ ಸುದ್ದಾ ತಿಳಿಯಂಗಿಲ್ಲ."

"ಅವ್ರಿಗೆ ಹೆಂಗ ತಿಳೀತಿತ್ತು, ಬೇಟಿ?"

"ಅವ್ರು ಕೇಳ್ತಿದ್ರು. ‘ಹೂಂ ಅಂದ್ರ ಹಿಡದಿ ಏನು, ಬರೇ ಕೇಳಾಕತ್ತಿ ಏನು’ ಅಂತ."

ದಾದಿ ನಕ್ಕ ನಗೆಗೆ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. "ಯಾ ಅಲ್ಲಾ! ಇದು ನಂದೇ ಕಸೂರು!"

ಹೌದು, ತಪ್ಪು ಅವಳದೇ. ಇರಮಳನ್ನು ತೊಡೆಯ ಮೇಲೆ ಹಾಕಿಕೊಂಡು ಅರ್ಧ ಕನ್ನಡ, ಅರ್ಧ ದಖನಿಯಲ್ಲಿ ಕತೆ ಹೇಳುತ್ತ, ಕೇಳುವವರು ಹೂಂ ಅನ್ನದಿದ್ದರೆ ಕತೆಯ ರಾಜಕುಮಾರ ಶಹಜಾದ ಅಡವಿಯಲ್ಲಿ ದಾರಿ ತಪ್ಪುತ್ತಾನೆ ಎಂದು ಹೆದರಿಸಿದವಳು ಅವಳೇ. ಶಹಜಾದನ ಮೇಲಿನ ಮರುಕಕ್ಕೆ ಹುಡುಗಿ ನಿದ್ದೆಗಣ್ಣಲ್ಲೂ ಹೂಂಗುಟ್ಟುತ್ತಿದ್ದಳು.

"ಈ ಸರ್‌ಗ ಹೇಳಿದ್ಯೇನು?"

"ದೊಡ್ಡವ್ರಿಗೆ ಹೆಂಗ ಹೇಳ್ಲಿ?"

"ಹೇಳದಾ ಹೆಂಗ ತಿಳೀಬೇಕು ಬೇ? ನಾಳಿ ನಿನ್ನ ಬಾಜೂಕ ಕೂಡವ್ರೆಲ್ಲಾ ಅಫಜಲಪುರದಾಗೇ ಹುಟ್ಟಿರಬೇಕೇನು?"

ಇರಮಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಸಿದ್ದರಾಮೇಶ ಸರ್ ತಾವೇ ಕೇಳಿ ಕೇಳಿ, ಅವಳ ಬಾಯಿಂದ ಬರಬೇಕಾದ ಮಾತು ಬಾರದಂತೆ ಮಾಡಿಬಿಟ್ಟಿದ್ದರು. ಪ್ರೀತಿಯೂ ಒಮ್ಮೊಮ್ಮೆ ಹೀಗೆ ಕೆಡಿಸುತ್ತದೆ. ಆದರೂ ಅವರ ನೆನಪಾಗಿ ದಾದಿಯ ಹಿಟ್ಟಿನ ಕೈ ಹಿಡಿದುಕೊಂಡು ಚೆನ್ನಾಗಿ ಅತ್ತಳು.

ಮರುದಿನ ಅಜಯಕುಮಾರ ಸರ್ ಎದುರು ನಿಂತು, ದಾದಿಯಿಂದ ಹಿಡಿದು ಶಹಜಾದನವರೆಗೆ ಎಲ್ಲವನ್ನೂ ಹೇಳಿದಳು.

"ನಮ್ಮ ಕಡೆ ಹೂಂ ಅಂದ್ರೆ ಆಯ್ತು ಅಂತ. ಇಂಗ್ಲಿಷಿನ ಮಾತು ಕೇಳದೆ, ನಿಮ್ಮ ಕೈ ನೋಡದೆ ಬಿಟ್ಟಿದ್ದು ನನ್ನ ತಪ್ಪು," ಎಂದರು. "ಇನ್ನು ಮೇಲೆ ಬಾಯಿಬಿಟ್ಟು ಹೇಳಿ. ಗಟ್ಟಿಯಾಗಿ."

ಅಂದಿನಿಂದ ಇರಮ ಹಿಡಿಕೆ ಹಿಡಿದಾಗಲೆಲ್ಲ ಮೊದಲು "ನಾ ಹಿಡದೇನ್ರೀ ಸರ್!" ಎಂದು ಕೂಗಿ, ಆಮೇಲೆ ಇಂಗ್ಲಿಷಿನದನ್ನು ಹೇಳುವಳು. ಸರ್ ಬೇಡವೆನ್ನಲಿಲ್ಲ. ಸಿದ್ದರಾಮೇಶ ಸರ್ ಫೋನ್ ಮಾಡಿ, "ಬರ್ತಿಯೇನು ತಂಗಿ?" ಎಂದು ಕೇಳಿದಾಗ, "ಒಬ್ಬಾಕಿನೇ ಹಾರಿದ್ಮ್ಯಾಲ ಪೇಢೆ ಕೊಡಾಕ ಬರ್ತೇನ್ರಿ," ಎಂದಳು. ಅವರಿಗೆ ಅಷ್ಟೇ ಸಾಕಾಯಿತು.

ಮುಂದೊಂದು ಬೆಳಿಗ್ಗೆ ಅಜಯಕುಮಾರ ಸರ್ ಏನೂ ಹೇಳದೆ ವಿಮಾನದಿಂದ ಇಳಿದು, ಹೊರಗಿನಿಂದ ಬಾಗಿಲು ಹಾಕಿದರು. ಪಕ್ಕದ ಸೀಟು ಖಾಲಿ. ಇರಮ "ನಾ ಹಿಡದೇನ್ರಿ," ಎಂದು ಖಾಲಿ ಸೀಟಿಗೇ ಹೇಳಿ ಹೊರಟಳು. ಒಂದು ಸುತ್ತು ಹಾರಿ, ನೆಟ್ಟಗೆ ಬಂದಿಳಿದಳು.

ಇಳಿದವಳೇ ಸರ್ ಕಡೆ ಓಡಿದಳು. "ಸರ್, ನೀವು ಇಲ್ಲದ್ದಕ್ಕ ವಿಮಾನ ಎಷ್ಟು ಹಗೂರ ಎದ್ದಿತ್ರೀ!"

"ಹೂಂ."

"ಮ್ಯಾಲಿಂದ ಜೇವರ್ಗಿ ರೋಡು ಕಂಡಿತ್ರೀ!"

"ಹೂಂ."

ಇರಮ ತಟ್ಟನೆ ನಿಂತಳು. "ಸರ್, ಹೂಂ ಅಂದ್ರ ಆತು, ಸಾಕು ಅಂತೇನ್ರಿ, ಕೇಳಾಕತ್ತೀರೇನ್ರಿ?"

ಯಾವತ್ತೂ ನಗದವರು ನಕ್ಕರು.

"ಕೇಳ್ತಾ ಇದ್ದೀನಮ್ಮ, ಹೇಳು. ಶಹಜಾದ ದಾರಿ ತಪ್ಪಬಾರದು."