ಜೀಪು ಎಳೆದೊಯ್ದ ಬೆಳಗ್ಗೆ

ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆ ಬೀದಿಯವರೆಲ್ಲ ಹೇಳುತ್ತಿದ್ದರು. ಆವತ್ತು ಅದು ಮೂಗು ದಾಟಿ ನೆತ್ತಿಗೇರಿತ್ತು. ಬೆಳಗ್ಗೆ ಬಂದಾಗಿನಿಂದ ಗ್ಯಾರೇಜಿನಲ್ಲಿ ಒಂದು ಸ್ಪ್ಯಾನರನ್ನೂ ಅವಳು ಇಟ್ಟಿರಲಿಲ್ಲ, ಎಲ್ಲವನ್ನೂ ಎಸೆದಿದ್ದಳು. ಹೊರಗೆ ಗೇಟಿನ ಬಳಿ ತಂಗಿಯೂ ತಂಗಿಯ ಗಂಡನೂ ಸೇರಿ ಜೀಪನ್ನು ಲಾರಿಯ ಹಿಂದಕ್ಕೆ ಕಟ್ಟುತ್ತಿದ್ದರು. ಎರಡು ದಿನದ ದಾರಿ. ಜೀಪಿನ ಎಂಜಿನ್ ಬಿಚ್ಚಿಟ್ಟಿದ್ದರಿಂದ ಎಳೆದುಕೊಂಡೇ ಹೋಗಬೇಕು.

ಆ ಜೀಪು ಅಕ್ಕತಂಗಿಯರಿಬ್ಬರದೂ. ಗುಜರಿಯಿಂದ ಚಾಸಿ ಹೊತ್ತು ತಂದವಳು ಅಕ್ಕ, ಅದಕ್ಕೊಪ್ಪುವ ಬಾಡಿ ಹುಡುಕಿದವಳು ತಂಗಿ. ನಾಲ್ಕೂ ಚಕ್ರಕ್ಕೆ ಎಳೆತ ಬರಲೆಂದು ಇಬ್ಬರೂ ಊಟ ನಿದ್ದೆ ಬಿಟ್ಟು ಅದರ ಕೆಳಗೇ ಬಿದ್ದಿದ್ದರು. ಕೆಸರಿನಲ್ಲಿ ಹೂತ, ಹಳ್ಳಕ್ಕೆ ಜಾರಿದ ಯಾರದೇ ಗಾಡಿಯಾಗಲಿ, ಎಳೆದು ತರುತ್ತಿದ್ದುದು ಅದೇ. ಈಗ ತಂಗಿ ಗಂಡನ ಊರಿನಲ್ಲಿ ಸ್ವಂತ ಗ್ಯಾರೇಜು ತೆರೆಯುತ್ತಾಳೆ. ಸರಿ, ತೆರೆಯಲಿ. ಆದರೆ ಆ ಸುದ್ದಿಯನ್ನು ಅಕ್ಕನಿಗೆ ಹೇಳಿದವನು ಪಕ್ಕದಲ್ಲಿ ಗಾಡಿಗಳ ತಗಡು ನೇರ ಮಾಡುವ ಟಿಂಕರಿಂಗ್‌ನವನು, ಅದೂ ಉಪ್ಪುಖಾರ ಹಚ್ಚಿ. ಒಡಹುಟ್ಟಿದವಳಿಗೆ ಬಾಯಿ ಇರಲಿಲ್ಲವೇ? ಕೇಳಿದ್ದಕ್ಕೆ ಅವಳು, "ಗ್ಯಾರೇಜು ನಿಂಗೆ, ಜೀಪು ನಂಗೆ. ಸರಿಯಾಗೇ ಇದೆಯಲ್ಲ?" ಎಂದಿದ್ದಳು. ಸರಿಯಾಗಿಯೇ ಇತ್ತು, ಅದಕ್ಕೇ ಅಕ್ಕನಿಗೆ ಇನ್ನಷ್ಟು ಉರಿದುಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಗಾಡಿಯ ಕೆಳಗೆ ಅಕ್ಕಪಕ್ಕ ಮಲಗಿರುವಾಗಲೂ, "ಸುತ್ತಿಗೆ ಬೇಕು ಅಂತ ಹೇಳಪ್ಪಾ ಅವಳಿಗೆ" ಎಂದು ಟಿಂಕರಿಂಗ್‌ನವನನ್ನೇ ಕೂಗುತ್ತಿದ್ದರು. ಅವನಿಗೆ ಪಾಪ, ಸ್ವಂತ ಕೆಲಸಕ್ಕೇ ಪುರುಸೊತ್ತಿರಲಿಲ್ಲ.

ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಅಮ್ಮ ನಡೆಸುತ್ತಿದ್ದ ಕಾಲದಿಂದ ಬಂದದ್ದು. ಗಾಡಿಗೆ ಕೈ ಹಾಕಿದವರು ಏನು ಬಿಚ್ಚಿದೆ, ಏನು ಬದಲಾಯಿಸಿದೆ ಎಂದು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳದೆ ಅದು ಗೇಟು ದಾಟುವಂತಿಲ್ಲ. ಮಾತು ನಿಂತ ಮೇಲೆ ಈ ಪದ್ಧತಿಯೂ ನಿಂತಿತು. ಆ ದಿನಗಳಲ್ಲೇ ಅಕ್ಕ ಜೀಪಿನ ಸಣ್ಣ ಗೇರಿನ ಪೆಟ್ಟಿಗೆ ಬಿಚ್ಚಿದ್ದಳು. ಎಳೆತ ಎರಡು ಚಕ್ರಕ್ಕೋ ನಾಲ್ಕಕ್ಕೋ ಎಂದು ಹಂಚುವ ಪೆಟ್ಟಿಗೆ ಅದು. ಒಳಗಿನ ಸರಳು ಸವೆದಿತ್ತು, ಬೇರೆ ಗಾಡಿಯದನ್ನು ತಂದು ಕೂರಿಸಿದಳು. ಕೂತಿತೇನೋ ನಿಜ, ಆದರೆ ಗೇರಿನ ಜಾಗಗಳು ಅದಲುಬದಲಾದವು. ಹಿಡಿಯ ಮೇಲೆ ನ್ಯೂಟ್ರಲ್ ಎಂದು ಕೆತ್ತಿದ ಕಡೆ ತಳ್ಳಿದರೆ ಈಗ ಗೇರು ಬೀಳುತ್ತದೆ. ಎಂಜಿನ್ ಆಗಲೇ ಬಿಚ್ಚಿದ್ದರಿಂದ ಆಮೇಲೆ ಯಾರೂ ಜೀಪು ಓಡಿಸಿರಲಿಲ್ಲ. ಅಕ್ಕನೂ ಯಾರಿಗೂ ಹೇಳಿರಲಿಲ್ಲ.

ಈಗ ಅವಳು ಕಿಟಕಿಯಿಂದ ನೋಡುತ್ತಿದ್ದಳು. ತಂಗಿಯ ಗಂಡ ಕಬ್ಬಿಣದ ಕಂಬಿಯನ್ನು ಜೀಪಿನ ಮೂತಿಗೆ ಬಿಗಿದ. ಕಂಬಿ ಕಳಚಿದರೂ ಜೀಪು ಓಡಿಹೋಗದಂತೆ ಅಡಿಯಲ್ಲಿ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಕಿದ. ಹಿಂದಿನ ದೀಪಗಳಿಗೆ ಲಾರಿಯಿಂದ ವೈರು ಎಳೆದ. ಕೊನೆಗೆ ಜೀಪು ಹತ್ತಿ, ಹಿಡಿಯ ಮೇಲಿನ ಅಕ್ಷರ ಓದಿಕೊಂಡು, ಸಣ್ಣ ಗೇರನ್ನು ಅವನ ಪಾಲಿನ ನ್ಯೂಟ್ರಲ್ಲಿಗೆ ತಳ್ಳಿದ. ಗೇರು ಬಿತ್ತು. ಇನ್ನು ಚಕ್ರ ಉರುಳಿದಂತೆಲ್ಲ ಚಕ್ರಕ್ಕೂ ಪೆಟ್ಟಿಗೆಗೂ ನಡುವಿನ ಶಾಫ್ಟ್ ತಿರುಗುತ್ತದೆ, ಶಾಫ್ಟು ಗೇರ್‌ಬಾಕ್ಸನ್ನು ತಿರುಗಿಸುತ್ತದೆ, ಎಂಜಿನ್ ಓಡದೆ ಅದರ ಮೇಲಿನ ಹಲ್ಲುಗಳಿಗೆ ಎಣ್ಣೆ ಏರುವುದಿಲ್ಲ. ಮಧ್ಯಾಹ್ನದೊಳಗೆ ಒಳಗಿನದೆಲ್ಲ ಸುಟ್ಟು ಕರಕಲು.

ಅಕ್ಕ ತುಟಿಪಿಟಿಕ್ ಎನ್ನಲಿಲ್ಲ. ಹಾಳಾಗಿ ಹೋಗಲಿ. ಅಷ್ಟು ದೂರ ಎಳೆದುಕೊಂಡು ಹೋಗಿ ಕಬ್ಬಿಣದ ಮುದ್ದೆ ಇಳಿಸಿಕೊಳ್ಳಲಿ. ಹೇಳದೆ ಕೇಳದೆ ಹೊರಟವರಿಗೆ ಹೇಳಿ ಕಳಿಸಲು ಅವಳಿಗೇನು ಹುಚ್ಚೇ?

ಅಷ್ಟರಲ್ಲಿ ತಂಗಿಯ ಗಂಡ ಬಾಗಿಲಲ್ಲಿ ನಿಂತ.

"ಅಕ್ಕಾ, ಹೊರಡ್ತೀವಿ. ಒಂದ್ಸಲ ಬಂದು ನೋಡ್ಬಿಡ್ತೀರಾ?"

"ನೋಡೋಕೆ ನೀವಿಬ್ರು ಇದೀರಲ್ಲ. ನನ್ನ ಕಣ್ಣು ಯಾಕೆ ಬೇಕು?"

ಅವನು ಲಾರಿಯ ಕಡೆ ನಡೆದ. ಗೇಟಿನ ಬಳಿ ನಿಂತಿದ್ದ ತಂಗಿ ಒಮ್ಮೆ ಇತ್ತ ನೋಡಿ ಲಾರಿ ಹತ್ತಿದಳು. ಲಾರಿ ಗುರುಗುಟ್ಟಿತು. ಜೀಪು ಒಂದು ಸಲ ಕುಲುಕಿ ಅದರ ಹಿಂದೆ ಹೊರಟಿತು.

ಅಕ್ಕ ನಲ್ಲಿಯ ಕೆಳಗೆ ಕೈ ಹಿಡಿದಳು. ಸೋಪು ಉಜ್ಜಿದಳು. ಸುಟ್ಟ ಗೇರು ಕಚ್ಚಿಕೊಂಡರೆ ಚಕ್ರ ಗಕ್ಕನೆ ನಿಂತುಬಿಡುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಜೀಪು ಅಡ್ಡ ತಿರುಗಿ ಲಾರಿಯನ್ನೂ ಎಳೆದು ಬೀಳಿಸುತ್ತದೆ. ಲಾರಿಯಲ್ಲಿ ಕೂತಿರುವವಳು ಯಾರು? ಇದು ತನಗೆ ಈಗ ಹೊಳೆಯುತ್ತಿದೆಯೇ, ಇಷ್ಟು ಹೊತ್ತು ಎಲ್ಲಿ ಸತ್ತಿತ್ತು ಬುದ್ಧಿ? ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಸೋಪಿನ ಕೈಯಲ್ಲೇ ಓಡಿದಳು.

ಬೀದಿಯ ತಿರುವಿನಲ್ಲಿ ಲಾರಿಯನ್ನು ಹಿಡಿದಳು. ಅದರ ಪಕ್ಕೆಗೆ ದಬದಬ ಗುದ್ದಿದಳು. "ನಿಲ್ಸೋ! ನಿಲ್ಸು ಅಂದೆ!"

ಲಾರಿ ನಿಂತಿತು. ತಂಗಿ ಇಳಿದು ಬಂದಳು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಎದುರುಬದುರು ನಿಂತಿದ್ದರು.

"ಆ ನ್ಯೂಟ್ರಲ್ ಸುಳ್ಳು ಕಣೇ," ಅಕ್ಕನಿಗೆ ಏದುಸಿರು. "ನಾನು ಒಳಗಿನ ಸರಳು ಬದಲಾಯಿಸಿದೀನಿ. ಅಲ್ಲಿ ಗೇರು ಬಿದ್ದಿದೆ. ಸುಟ್ಟುಹೋಗತ್ತೆ. ಗೊತ್ತಿದ್ದೂ ಸುಮ್ನಿದ್ದೆ. ಬೈಯೋದಿದ್ರೆ ಬೈಯಿ."

ತಂಗಿ ಹಿಂದಕ್ಕೆ ನಡೆದಳು. ಜೀಪಿನ ಹಿಂಬದಿಯ ಟಾರ್ಪಾಲು ಸರಿಸಿದಳು. ಅದರಡಿ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮಲಗಿದ್ದವು. ಶಾಫ್ಟೇ ಇಲ್ಲದ ಮೇಲೆ ಚಕ್ರ ಎಷ್ಟು ಉರುಳಿದರೂ ಒಳಗೆ ಏನೂ ತಿರುಗುವುದಿಲ್ಲ.

"ನೀನು ಬರೋಕೆ ಮುಂಚೇನೇ ಬಿಚ್ಚಿದೆ. ಇವರಿಗೂ ಹೇಳಿಲ್ಲ."

"ಯಾಕೆ?"

"ನೀನು ಏನಾದ್ರೂ ಮಾಡಿರ್ತೀಯ ಅನ್ನಿಸ್ತು."

ಅಕ್ಕನ ಮೈಯೆಲ್ಲ ಹೊತ್ತಿಕೊಂಡಿತು. ಕೆನ್ನೆಗೆ ಬಾರಿಸಲು ಕೈ ಎತ್ತಿದಳು, ಆದರೆ ಯಾವ ಮುಖ ಇಟ್ಟುಕೊಂಡು ಬಾರಿಸುವುದು? ಅವಳು ಅಂದುಕೊಂಡದ್ದನ್ನೇ ತಾನು ಮಾಡಿದ್ದಳು.

"ಓಡಿ ಬರ್ತೀಯ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ," ಎಂದಳು ತಂಗಿ.

ಆ ಮಾತು ಏಟಿಗಿಂತ ಜೋರಾಗಿ ಬಿತ್ತು. ಎತ್ತಿದ ಕೈ ಇಳಿಸಿ ಅಕ್ಕ ನೆಲ ನೋಡಿದಳು. ಗ್ಯಾರೇಜಿನ ಕಡೆಯಿಂದ ಇಲ್ಲಿಯವರೆಗೆ ರಸ್ತೆಯ ಮೇಲೆ ಕಪ್ಪು ಹನಿಗಳ ಸಾಲು ಬಂದಿತ್ತು.

"ಹಿಂದಿನ ಶಾಫ್ಟ್ ಎಳೆದ ತೂತಿಗೆ ಏನು ತುರುಕಿದೀಯ?"

ತಂಗಿ ಬಗ್ಗಿ ಜೀಪಿನ ಅಡಿ ನೋಡಿದಳು. "ಅವಸರದಲ್ಲಿ…"

"ಅವಸರ! ಕಳ್ಳರ ಹಾಗೆ ಬಿಚ್ಚಿದ್ರೆ ಅವಸರ ಆಗದೆ ಇನ್ನೇನಾಗತ್ತೆ? ದಾರಿಯುದ್ದಕ್ಕೂ ಎಣ್ಣೆ ಸೋರಿ ಪೆಟ್ಟಿಗೆ ಒಣಗೋದು. ಅಲ್ಲಿ ಹೋಗಿ ಎಂಜಿನ್ ಕೂರಿಸಿ, ಎಣ್ಣೆ ನೋಡದೇನೇ ಸ್ಟಾರ್ಟ್ ಮಾಡೋದು. ನಾನು ಸುಡದೇ ಇದ್ದದ್ದನ್ನ ನೀನೇ ಸುಟ್ಕೋತಿದ್ದೆ, ಮೂದೇವಿ! ಬಟ್ಟೆ ಕೊಡು. ಒಂದು ಪ್ಲಾಸ್ಟಿಕ್ ಕೊಡು. ಹಳೇ ಟ್ಯೂಬಿನ ತುಂಡು ಇದ್ರೆ ತಾ. ನಿಂತು ನೋಡ್ತೀಯೇನು?"

ನಡುರಸ್ತೆಯಲ್ಲಿ ಅಂಗಾತ ಮಲಗಿ ಅವಳು ಜೀಪಿನ ಕೆಳಗೆ ಸರಿದಳು. ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಅವುಗಳಿಗೂ ಸೇರಿಸಿ ಬೈದಳು. ಬಟ್ಟೆಯನ್ನು ಒತ್ತಿ ತುರುಕಿ, ಪ್ಲಾಸ್ಟಿಕ್ ಮುಚ್ಚಿ, ಟ್ಯೂಬನ್ನು ಸುತ್ತಿ ಬಿಗಿದಳು. ಎಣ್ಣೆ ಹನಿದು ಕೆನ್ನೆಯ ಮೇಲೆ ಹರಿಯಿತು, ಕಣ್ಣೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ತಂಗಿಯ ಚಪ್ಪಲಿ ಮಾತ್ರ ಅವಳಿಗೆ ಕಾಣುತ್ತಿತ್ತು.

"ಆಯ್ತಾ ಅಕ್ಕಾ?"

"ಇಲ್ಲ."

ಗಂಟು ಬಿದ್ದಾಗಿತ್ತು. ಹನಿ ನಿಂತಿತ್ತು. ಲಾರಿಯ ಎಂಜಿನ್ ಮುಂದುಗಡೆ ಗುರುಗುಡುತ್ತಲೇ ಇತ್ತು.

"ಅಕ್ಕಾ, ಗಾಡಿಗಳು ಕಾಯ್ತಿವೆ. ಎದ್ದು ಬಾ."

"ಕಾಯ್ಲಿ. ಬಾಯ್ಮುಚ್ಚಿಕೊಂಡು ಕೂತ್ಕೋ," ಎಂದು ಅಕ್ಕ ಗದರಿದಳು. ಬಿಗಿದ ಗಂಟನ್ನು ಬಿಚ್ಚಿ ಮತ್ತೆ ಮೊದಲಿಂದ ಕಟ್ಟತೊಡಗಿದಳು. ಅವಳು ಕೆಳಗೆ ಮಲಗಿರುವಷ್ಟು ಹೊತ್ತು ಲಾರಿ ಹೊರಡುವಂತಿರಲಿಲ್ಲ.