ಇನ್ನೂರ ಹದಿನಾಲ್ಕು ತುಣುಕು

ಊರವರ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಶುಕ್ರವಾರ ಸಂಜೆ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಬಂದಾಗ ಇನ್ನೊಂದು ಸ್ಕ್ರೂ ತಿರುಗಿಸುವ ಶಕ್ತಿಯೂ ನನ್ನಲ್ಲಿರಲಿಲ್ಲ. ಕುರ್ಚಿಯಲ್ಲಿ ಕುಕ್ಕರಿಸುವುದರೊಳಗೆ ಭಾವ ಒಂದು ಸಿಡಿ ತಂದು ಮುಂದೆ ಹಿಡಿದರು.

"ಒಂದು ತಿಂಗಳಿಂದ ನಾಳೆ ನಾಳೆ ಅಂತಿದೀಯ ಮಾರಾಯ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀನೇ ನೋಡು."

ಸಿಡಿ ಕೈಗೆ ತೆಗೆದುಕೊಂಡೆ. ಅಕ್ಕ ಮಕ್ಕಳಿಗೆ ಹಾಡು ಕಲಿಸುವವಳು. ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಪೂರ್ತಿ ಹೋಯಿತು. ಈಗ ಏನಿದ್ದರೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾಳೆ. ಇಪ್ಪತ್ತು ಮಕ್ಕಳಲ್ಲಿ ಏಳು ಉಳಿದಿದ್ದವು. ಭಾನುವಾರ ಬೆಳಿಗ್ಗೆ ಮತ್ತೆ ತರಗತಿ ಶುರು. ಅದು ನೆಟ್ಟಗೆ ನಡೆಯದಿದ್ದರೆ ಆ ಏಳೂ ಹೋದಂತೆ, ಕಲಿಸುವುದೂ ಮುಗಿದಂತೆ. ಅವಳ ದನಿ ಅಂತ ಉಳಿದದ್ದು ಎಂಟು ವರ್ಷದ ಹಿಂದೆ ರೆಕಾರ್ಡ್ ಮಾಡಿಸಿದ್ದ ಈ ಸಿಡಿ ಒಂದೇ.

ಅದರಲ್ಲಿ ಹನ್ನೆರಡು ಪಾಠಗಳಿದ್ದವು. ರೆಕಾರ್ಡ್ ಮಾಡಿದ ಪುಣ್ಯಾತ್ಮ ಎಲ್ಲವನ್ನೂ ಒಂದೇ ಟ್ರ್ಯಾಕಿನಲ್ಲಿ ಎಪ್ಪತ್ತು ನಿಮಿಷ ಸುರಿದಿದ್ದ. ಏಳನೇ ಪಾಠ ಬೇಕೆಂದರೆ ಅಂದಾಜಿನ ಮೇಲೆ ಹುಡುಕಬೇಕು. ಕಂಪ್ಯೂಟರಿಗೆ ಇಳಿಸಿ ಹನ್ನೆರಡನ್ನೂ ಬೇರೆ ಬೇರೆ ಮಾಡಿಕೊಡು ಎಂದು ಅಕ್ಕ ಬರೆದು ತೋರಿಸಿದಳು.

"ಇದೇನು ಮಹಾ!" ಅಂದೆ. ಎರಡು ಸೆಕೆಂಡು ಸದ್ದಿಲ್ಲದ ಕಡೆ ಕತ್ತರಿಸಿ ಹೊಸ ಟ್ರ್ಯಾಕ್ ಮಾಡು ಎಂದು ಸಾಫ್ಟ್‌ವೇರಿಗೆ ಹೇಳಿ ಚಹಾ ಕುಡಿಯಲು ಕೂತೆ. ಲೋಟ ಖಾಲಿಯಾಗುವುದರೊಳಗೆ ಇನ್ನೂರ ಹದಿನಾಲ್ಕು ತುಣುಕುಗಳಾಗಿದ್ದವು!

ಭಾವ ನಕ್ಕು ನಕ್ಕು ಕೆಮ್ಮಿದರು. ನನಗೆ ನಗು ಬರಲಿಲ್ಲ. ತಪ್ಪು ಸಾಫ್ಟ್‌ವೇರಿನದಲ್ಲ, ಅಕ್ಕ ಕಲಿಸುವ ಕ್ರಮವೇ ಹಾಗೆ. ಒಂದು ಸಾಲು ಹಾಡುತ್ತಾಳೆ, ಮಕ್ಕಳು ಅದನ್ನು ತಿರುಗಿ ಹಾಡುವಷ್ಟು ಹೊತ್ತು ಸುಮ್ಮನಿರುತ್ತಾಳೆ, ಆಮೇಲೆ ಮುಂದಿನ ಸಾಲು. ರೆಕಾರ್ಡ್ ಮಾಡಿಸುವಾಗಲೂ ಎದುರಿಗೆ ಮಕ್ಕಳಿದ್ದಾರೆಂದೇ ಅಷ್ಟಷ್ಟು ಜಾಗ ಬಿಟ್ಟಿದ್ದಳು. ಮೌನವನ್ನು ಐದು ಸೆಕೆಂಡಿಗೆ ಏರಿಸಿದೆ, ಇನ್ನೂರು ತುಣುಕು ಬಂತು. ಹನ್ನೆರಡಕ್ಕೆ ಏರಿಸಿದರೆ ಬರೀ ಮೂರು, ಏಕೆಂದರೆ ಮಹಾತಾಯಿ ಒಂದು ಪಾಠ ಮುಗಿಸಿ ಉಸಿರೂ ಬಿಡದೆ ಇನ್ನೊಂದಕ್ಕೆ ಹೋಗಿದ್ದಳು. ಅತ್ತ ದರಿ, ಇತ್ತ ಪುಲಿ.

ಬೇರೆ ದಾರಿಯಿರಲಿಲ್ಲ. ಶುಕ್ರವಾರ ಸಂಜೆ, ಶನಿವಾರ ಇಡೀ ದಿನ, ಅಂಗಡಿಗೆ ಬೀಗ ಹಾಕಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಹಾಡಿನ ಗಂಧವಿಲ್ಲದ ನನಗೆ ಯಾವ ಸಾಲು ಯಾವ ಪಾಠದ್ದೆಂದೇ ತಿಳಿಯದು. ಕೇಳುವುದು, ನಿಲ್ಲಿಸುವುದು, ಗುರುತು ಹಾಕುವುದು, ಮತ್ತೆ ಹಿಂದೆ ಹೋಗಿ ಕೇಳುವುದು. ಬೆನ್ನು ಹಿಡಿದುಕೊಂಡಿತು, ಕಣ್ಣು ಉರಿಯುತ್ತಿತ್ತು. ಹೆಡ್‌ಫೋನಿನಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿತ್ತು. ಪಕ್ಕದ ಕೋಣೆಯಲ್ಲಿ ಅದೇ ಅಕ್ಕ ಸದ್ದಿಲ್ಲದೆ ಬಟ್ಟೆ ಮಡಚುತ್ತಿದ್ದಳು. ಅಂತೂ ಇಂತೂ ಹನ್ನೆರಡು ಪಾಠ ಆಯಿತು.

ಭಾನುವಾರ ಏಳು ಮಕ್ಕಳು ಚಾಪೆಯ ಮೇಲೆ ಕೂತವು. ಅಕ್ಕ ಐದನೇ ಪಾಠ ಒತ್ತಿದಳು. ಮೊದಲ ಸಾಲು ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ಎಲ್ಲರಿಗಿಂತ ಚಿಕ್ಕವಳು, ನಾವು ಚಿನಕುರುಳಿ ಅನ್ನುವವಳು, ಕೊನೆಯಲ್ಲಿ ದನಿ ಮೇಲೇರಿಸುವ ಬದಲು ಕೆಳಗಿಳಿಸಿದಳು. ಅಕ್ಕ ಕೈ ಎತ್ತಿದಳು. ಆದರೆ ರೆಕಾರ್ಡಿನ ದನಿಗೆ ಅದು ಗೊತ್ತಾಗಬೇಕಲ್ಲ? ಅದರ ಪಾಡಿಗೆ ಅದು ಮೂರನೇ ಸಾಲಿಗೆ ಹೋಯಿತು. ಅಕ್ಕ ಗಾಬರಿಯಿಂದ ಹಿಂದಕ್ಕೆ ಎಳೆಯಲು ಹೋದಳು, ಪಾಠ ಮೊದಲಿನಿಂದ ಶುರುವಾಯಿತು. ಮಕ್ಕಳು ಮುಸಿಮುಸಿ ನಕ್ಕವು.

ಬಾಗಿಲಲ್ಲಿ ನಿಂತಿದ್ದ ಚಿನಕುರುಳಿಯ ತಾಯಿ ಮೆಲ್ಲಗೆ ಅಂದಳು, "ತಪ್ಪು ತಿಳ್ಕೋಬೇಡಿ ಟೀಚರ್. ಸಿಡಿ ಕೇಳೋದಾದ್ರೆ ಮನೇಲೇ ಕೇಳಬಹುದಲ್ವಾ?"

ಅಕ್ಕನ ಮುಖ ಬಿಳಿಚಿಕೊಂಡಿತು. ಎರಡು ದಿನ ಒದ್ದಾಡಿ ನಾನೇ ಅವಳ ಕೈ ಕಟ್ಟಿಹಾಕಿದ್ದೆ.

"ಒಂದೈದು ನಿಮಿಷ ಕೂತ್ಕೊಳಮ್ಮ, ದಮ್ಮಯ್ಯ" ಅಂದು ಕಂಪ್ಯೂಟರ್ ಎಳೆದುಕೊಂಡೆ. ಮತ್ತೆ ಸಿಡಿ ಹಾಕಿದೆ, ಮತ್ತೆ ಎರಡು ಸೆಕೆಂಡು, ಮತ್ತೆ ಅದೇ ಇನ್ನೂರ ಹದಿನಾಲ್ಕು. ಒಂದೊಂದು ಸಾಲೂ ಮುಗಿದ ಕೂಡಲೇ ಅಲ್ಲೇ ನಿಲ್ಲುವ ಹಾಗೆ ಮಾಡಿ ಅಕ್ಕನ ಮುಂದಿಟ್ಟೆ. "ಮುಂದಕ್ಕೆ ಈ ಕೀಲಿ, ಹಿಂದಕ್ಕೆ ಇದು. ನಂಬರ್ ಒತ್ತಿದ್ರೆ ಬೇಕಾದ ಸಾಲೇ ಬರುತ್ತೆ ಕಣೇ."

ಅಕ್ಕ ಆ ಸಾಲನ್ನು ಮತ್ತೆ ಹಾಕಿದಳು. ಚಿನಕುರುಳಿ ಮತ್ತೆ ತಪ್ಪಿದಳು. ಇನ್ನೊಂದು ಸಲ, ಮತ್ತೊಂದು ಸಲ, ಊಹೂಂ. ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಪಟ್ಟಿಯಲ್ಲಿ ಮೇಲೆ ಹೋಗಿ, ಎರಡು ತಪ್ಪು ಸಾಲು ಒತ್ತಿ, ಎರಡನೇ ಪಾಠದ ಒಂದು ಪುಟ್ಟ ಸಾಲು ಹುಡುಕಿ ಹಾಕಿದಳು. ಅದೇ ಏರಿಕೆ, ಆದರೆ ಸುಲಭದ್ದು. ಹುಡುಗಿ ಸಲೀಸಾಗಿ ಹಾಡಿದಳು. ತಕ್ಷಣ ಅಕ್ಕ ಐದನೇ ಪಾಠದ ಸಾಲಿಗೆ ಹಾರಿ ಬೆರಳು ಮೇಲಕ್ಕೆತ್ತಿದಳು. ಚಿನಕುರುಳಿಯ ದನಿ ಬೆರಳಿನ ಜೊತೆಗೇ ಏರಿತು.

ಯಾವ ಸಿಡಿಯಲ್ಲೂ ಆ ಪಾಠ ಇರಲಿಲ್ಲ. ಅಕ್ಕ ಅದನ್ನು ಈಗ, ಆ ಹುಡುಗಿಗಾಗಿ ಮಾಡಿದ್ದಳು. ನನಗೆ ಅಳು ಬಂತು. ಆ ತಾಯಿ ಒಳಗೆ ಬಂದು ಗೋಡೆಗೊರಗಿ ಕೂತಳು.

ಮಕ್ಕಳು ಹೋದಮೇಲೆ ಅಕ್ಕ ನೋಟ್‌ಬುಕ್ ನನ್ನ ಕಡೆ ತಳ್ಳಿದಳು. "ಆ ಹನ್ನೆರಡನ್ನು ಅಳಿಸಿಬಿಡು. ಅಡ್ಡ ಬರುತ್ತೆ."

ಎರಡು ದಿನದ ಕೆಲಸ. ಅಳಿಸಿ, ಅಲ್ಲೇ ಚಾಪೆಯ ಮೇಲೆ ಮಲಗಿಬಿಟ್ಟೆ.